ಎಷ್ಟು ಕಿಲೋಮೀಟರ್ ಅಂತ ಕೇಳುವ ಮೊದಲು ಗಾಳಿ ಎತ್ತಲಿಂದ ಅಂತ ಕೇಳಿ

ನಮ್ಮ ಸೈಕಲ್ ಗುಂಪಿಗೆ ಈಗಷ್ಟೇ ಒಂದು ಪ್ಲ್ಯಾನ್ ಬಂತು. ಕಡಲ ತೀರದಲ್ಲಿ ಒಂದು ದಿನದ ಸವಾರಿ. ಹೋಗಿ ಬರೋದು ಸೇರಿ 80 ಕಿಲೋಮೀಟರ್. ಗಂಟೆಗೆ 20ರಂತೆ 4 ಗಂಟೆ. ಬೆಳಗ್ಗೆ 7ಕ್ಕೆ ಹೊರಟರೆ 11ಕ್ಕೆ ವಾಪಸ್. ಅಷ್ಟೇ ಪ್ಲ್ಯಾನ್. ಅದರ ಕೆಳಗೆ ಸಾಲುಸಾಲು ಹೆಬ್ಬೆರಳು. ಗಾಳಿ ಎತ್ತಲಿಂದ ಬೀಸುತ್ತೆ ಅಂತ ಒಬ್ಬರಾದರೂ ಕೇಳಬೇಕಿತ್ತಲ್ವಾ?

ನನ್ನ ಜೊತೆ ಪೆಡಲ್ ತುಳಿದವರಿಗೆ ನನ್ನ ಈ ಗೋಳು ಹೊಸದಲ್ಲ. ಆದರೂ ಹೇಳ್ತೀನಿ. ಸಮುದ್ರದ ಪಕ್ಕದ ದಾರಿಯಲ್ಲಿ 80 ಅನ್ನೋ ಸಂಖ್ಯೆಗೆ ತನ್ನಷ್ಟಕ್ಕೆ ತಾನು ಅರ್ಥವೇ ಇಲ್ಲ. ಅದೇ 80 ಒಂದು ದಿನ ಹೂವಿನ ಹಾಗೆ ಮುಗಿಯುತ್ತದೆ, ಇನ್ನೊಂದು ದಿನ ಹೆಣ ಬೀಳಿಸುತ್ತದೆ. ದಾರಿ ಅದೇ, ಸೈಕಲ್ ಅದೇ, ಕಾಲೂ ಅವೇ. ಬದಲಾಗಿದ್ದು ಗಾಳಿ ಮಾತ್ರ.

ಲೆಕ್ಕವೇ ಬೇಕು ಅನ್ನೋರಿಗೆ ಲೆಕ್ಕ ಕೊಡ್ತೀನಿ. ಗಾಳಿ ಇಲ್ಲದ ಹೊತ್ತಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದೀರಿ ಅಂದುಕೊಳ್ಳಿ. ಎದುರಿನಿಂದ 20ರ ಗಾಳಿ ಶುರುವಾಯ್ತು. ಈಗ ನಿಮ್ಮ ಮೈಗೆ ಬಡಿಯೋದು 40ರ ಗಾಳಿ. ತಡೆ ಎರಡು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತದೆ. ಅದೇ ವೇಗದಲ್ಲಿ ಹೋಗ್ತೀನಿ ಅನ್ನೋದು ನಮ್ಮಂಥವರ ಕಾಲಿನಿಂದ ಆಗೋ ಕೆಲಸ ಅಲ್ಲ.

ಅದೇ ಗಾಳಿ ಬೆನ್ನಿಗಿದ್ದಾಗ ಏನಾಗುತ್ತೆ ನೋಡಿ. ಕಿವಿಯ ಹತ್ತಿರ ಸದ್ದೇ ಇರಲ್ಲ. ಚೈನ್ ಓಡುವ ಸಣ್ಣ ಶಬ್ದ, ಟೈರಿನ ಶಬ್ದ, ಆಚೆ ಅಲೆ. ಹೊಸಬರಿಗೆ ಅದು ಗಾಳಿ ಅಂತ ಗೊತ್ತೇ ಆಗಲ್ಲ, ಇವತ್ತು ಕಾಲು ಚೆನ್ನಾಗಿದೆ ಅಂದುಕೊಳ್ತಾರೆ. ಇನ್ನೂ ಸ್ವಲ್ಪ ದೂರ, ಇನ್ನೂ ಸ್ವಲ್ಪ ದೂರ ಅಂತ ಹೋಗ್ತಾರೆ. ಸೈಕಲ್ ತಿರುಗಿಸಿದ ಕ್ಷಣಕ್ಕೆ ಕಿವಿಯಲ್ಲಿ ಭೋರ್ ಅಂತ ಶುರು. ಮನೆ ಇರೋದು ಆ ಕಡೆ.

ಇದಕ್ಕೆ ಮದ್ದು ಗೊತ್ತಿರೋದೇ. ಕಾಲಲ್ಲಿ ಕಸುವಿರುವಾಗ ಎದುರುಗಾಳಿಗೆ ಹೋಗಿ, ಸುಸ್ತಾದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಬನ್ನಿ. ಹಿಂದಿನ ರಾತ್ರಿ ಹವಾಮಾನದ ಆ್ಯಪ್‌ನಲ್ಲಿ ಗಂಟೆ ಗಂಟೆಯ ಗಾಳಿ ನೋಡಿದರೆ ಸಾಕು, ಯಾವ ತುದಿಯಿಂದ ಹೊರಡಬೇಕು ಅನ್ನೋದು ಗೊತ್ತಾಗುತ್ತದೆ. ರೈಲಿನಲ್ಲೋ ಬಸ್ಸಿನಲ್ಲೋ ಸೈಕಲ್ ಹತ್ತಿಸಲು ಬಿಡುವ ಕಡೆಯಾದರೆ ಇನ್ನೂ ಒಳ್ಳೆಯದು. ಒಂದು ತುದಿಗೆ ಹೋಗಿ ಇಳಿದು, ಗಾಳಿಯ ಜೊತೆಗೇ ಒಮ್ಮುಖವಾಗಿ ಬಂದುಬಿಡಬಹುದು.

"ಬೆಳಗ್ಗೆ ಅಲ್ಲಿ ಗಾಳಿಯೇ ಇರಲ್ಲ" ಅಂತ ಈಗ ಯಾರೋ ಉತ್ತರ ಕೊಟ್ಟಿದ್ದಾರೆ. ಸ್ವಾಮಿ, ಬೆಳಗ್ಗೆ ಇರಲ್ಲ, ಅದೇ ನಾನು ಹೇಳ್ತಿರೋದು! ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಅದು ಸಾಮಾನ್ಯವಾಗಿ ಶುರುವಾಗೋದು ಬಿಸಿಲು ಚುರುಕಾದ ಮೇಲೆ, ಜೋರಾಗೋದು ಮಧ್ಯಾಹ್ನ. ಸಂಜೆಗೆ ಇಳಿಯುತ್ತದೆ.

ಈಗ ಆ 4 ಗಂಟೆಯ ಲೆಕ್ಕಕ್ಕೆ ಬನ್ನಿ. ಮೀಟರ್ ತೋರಿಸೋ 20, ಚಕ್ರ ತಿರುಗುವಾಗಿನ ವೇಗ. ನೀರು ಕುಡಿಯೋಕೆ ನಿಂತಾಗ, ಫೋಟೋ ತೆಗೆಯುವಾಗ, ಯಾರದೋ ಟೈರ್ ಪಂಕ್ಚರ್ ಆಗಿ ಎಲ್ಲರೂ ಸುತ್ತ ನಿಂತು ಸಲಹೆ ಕೊಡುವಾಗ ಗಡಿಯಾರ ಓಡ್ತಾನೇ ಇರುತ್ತದೆ. ಹೊಸಬರಿರುವ ಗುಂಪು ಗಂಟೆಗೆ 16 ತುಳಿದರೆ ಅದೇ 5 ಗಂಟೆ. ನಿಲ್ಲೋದು ಸೇರಿದರೆ 7 ಗಂಟೆಯ ಹತ್ತಿರ. ಅಂದರೆ 11ಕ್ಕೆ ಮನೆ ಸೇರಬೇಕಿದ್ದವರು 11ಕ್ಕೆ ಅರ್ಧ ದಾರಿಯಲ್ಲಿರ್ತಾರೆ. ಗಾಳಿ ಏಳೋ ಹೊತ್ತೂ ಅದೇ, ಕಾಲು ಬೀಳೋ ಹೊತ್ತೂ ಅದೇ. ಹೊತ್ತಿನ ಲೆಕ್ಕ ತಪ್ಪಿದ್ದಕ್ಕೆ ಗಾಳಿಯ ಕೈಗೆ ಸಿಕ್ಕಿಬೀಳ್ತಾರೆ.

ಇನ್ನೊಂದು, ಸಮುದ್ರದ ದಾರಿ ಸಮತಟ್ಟು ಅನ್ನೋ ನಂಬಿಕೆ. ಸಮುದ್ರ ಸಮತಟ್ಟು, ದಾರಿ ಅಲ್ಲ. ಗುಡ್ಡಗಳು ನೀರಿಗೇ ಇಳಿದಿರುವ ತೀರದಲ್ಲಿ ಹೊಳೆಯ ಬಾಯಿಗೆ ಇಳಿಯಬೇಕು, ಆಚೆ ಮತ್ತೆ ಹತ್ತಬೇಕು. 40 ಮೀಟರಿನ ಏರು ಹತ್ತು ಸಲ ಬಂದರೆ 400 ಮೀಟರ್ ಹತ್ತಿದ ಹಾಗಾಯ್ತು. ನಕ್ಷೆಯಲ್ಲಿ ದಾರಿಯ ಜೊತೆ ಏರಿಳಿತದ ಗೆರೆಯನ್ನೂ ನೋಡಿ ಅನ್ನೋದು ಇದಕ್ಕೇ. ಮರಳಿನ ಮೇಲೆ ಹೋಗುವ ತುಂಡು ದಾರಿ ಇದ್ದರೆ ಉಬ್ಬರ ಇಳಿತದ ಹೊತ್ತನ್ನೂ ನೋಡಿ. ಬಹುತೇಕ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತದೆ. ಹೋದ ವಾರ ಹೋದವರು ಹೇಳಿದ ಸಮಯ ಈ ವಾರಕ್ಕೆ ಕೆಲಸಕ್ಕೆ ಬರಲ್ಲ.

ಗುಂಪಿನಲ್ಲಿ ಒಬ್ಬರು ಜಪಾನಿನ ಶಿಮಾನಾಮಿ ಕೈಡೊ ಫೋಟೋ ಹಾಕಿ, ಅಲ್ಲಿ 70 ಕಿಲೋಮೀಟರ್ ಎಲ್ಲರೂ ಒಂದೇ ದಿನದಲ್ಲಿ ಮುಗಿಸ್ತಾರೆ ಅಂದಿದ್ದಾರೆ. ಚೆಂದದ ದಾರಿ, ಎರಡು ಮಾತಿಲ್ಲ. ಒನೊಮಿಚಿಯಿಂದ ಇಮಾಬರಿವರೆಗೆ ದ್ವೀಪದಿಂದ ದ್ವೀಪಕ್ಕೆ ಸೇತುವೆ. ಆದರೆ ಅಲ್ಲಿ ರಸ್ತೆಯಂಚಿಗೆ ನೀಲಿ ಗೆರೆ ಎಳೆದಿದ್ದಾರೆ, ಇನ್ನೆಷ್ಟು ದೂರ ಅಂತ ಅದರಲ್ಲೇ ಬರೆದಿದ್ದಾರೆ. ಬಾಡಿಗೆ ಸೈಕಲ್ಲನ್ನು ದಾರಿ ಮಧ್ಯದ ಕೇಂದ್ರದಲ್ಲೇ ಬಿಡಬಹುದು. ಅಂದರೆ ಸಾಕಾದವರು ಅಲ್ಲೇ ಮುಗಿಸಬಹುದು. ನಮ್ಮ ಪ್ಲ್ಯಾನಿನಲ್ಲಿ ಆ ಸಾಲು ಎಲ್ಲಿದೆ? ಸಾಕಾದವರು ಎಲ್ಲಿ ನಿಲ್ಲಬೇಕು, ಹೇಗೆ ವಾಪಸ್ ಬರಬೇಕು? ಎಲ್ಲರೂ 80 ತುಳಿದೇ ತುಳೀತಾರೆ ಅಂತ ನಿರ್ಧಾರ ಆಗಿಬಿಟ್ಟಿದೆ.

ಇಷ್ಟೆಲ್ಲ ಪ್ಲ್ಯಾನ್ ಮಾಡಿದರೆ ಮಜಾ ಎಲ್ಲಿರುತ್ತೆ, ಸುಮ್ನೆ ಹೊರಟುಬಿಡಬೇಕು ಅನ್ನೋರಿದ್ದಾರೆ. ಒಬ್ಬರೇ ಹೋಗೋದಾದರೆ ಖಂಡಿತ ಹೋಗಿ, ನನ್ನದೇನೂ ತಕರಾರಿಲ್ಲ. ಹೊಸಬರನ್ನು ಕರೆದುಕೊಂಡು ಹೋಗುವಾಗ ಆ ಮಾತು ಬೇಡ. ಮಜಾ ಸಿಗೋದೇ ಕೈಯಲ್ಲಿ ಹೊತ್ತು ಮಿಕ್ಕಿದ್ದಾಗ. ಎದುರುಗಾಳಿಗೆ ತಲೆ ಬಗ್ಗಿಸಿ ಮುಂದಿನ ಚಕ್ರ ನೋಡ್ತಾ ತುಳಿಯುವವರಿಗೆ ಪಕ್ಕದಲ್ಲಿ ಸಮುದ್ರ ಇದ್ದರೇನು, ಗೋಡೆ ಇದ್ದರೇನು?

ನನಗೆ ಇಷ್ಟು ಸಿಟ್ಟು ಯಾಕೆ ಅಂತಲೂ ಹೇಳಿಬಿಡ್ತೀನಿ. ಇಂಥದೇ ಒಂದು ಸವಾರಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ನೋಡಿದ್ದೆ. ವಾಪಸ್ ಬರುವಾಗ ಎದುರುಗಾಳಿ. ಮುಂದಿನವರು ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದರು. ಅವಳು ರಸ್ತೆ ಬದಿಯಲ್ಲಿ ನಿಂತು ಹ್ಯಾಂಡಲ್ ಹಿಡಿದುಕೊಂಡೇ ಅಳುತ್ತಿದ್ದಳು. ಕೆನ್ನೆ ಮೇಲೆ ಬೆವರು ಒಣಗಿದ ಉಪ್ಪಿನ ಗೆರೆ. "ನನ್ನಲ್ಲೇ ಶಕ್ತಿ ಇಲ್ಲ, ನಿಮಗೆಲ್ಲ ತೊಂದರೆ ಕೊಟ್ಟೆ" ಅಂದಳು. ಅವಳು ಬೆಳಗ್ಗೆ ಎಲ್ಲರಷ್ಟೇ ಚೆನ್ನಾಗಿ ತುಳಿದಿದ್ದಳು. ಆಮೇಲೆ ಯಾವ ಸವಾರಿಗೂ ಬರಲಿಲ್ಲ. ಪ್ಲ್ಯಾನ್ ಹಾಕಿದವರು ಆ ದಿನದ ಫೋಟೋ ಹಾಕಿ, ಸೂಪರ್ ರೈಡ್ ಅಂತ ಬರೆದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಈ ಭಾನುವಾರದ ಪ್ಲ್ಯಾನ್ ಹಾಕಿದವರಿಗೆ ನೇರವಾಗಿ ಕೇಳ್ತಿದ್ದೇನೆ. ದೂರವನ್ನು 50ಕ್ಕೆ ಇಳಿಸಿ. 7ರ ಬದಲು ಬೆಳಕು ಹರಿಯುವಾಗಲೇ ಹೊರಡೋಣ. ಯಾವ ದಿಕ್ಕಿಗೆ ಹೋಗೋದು ಅನ್ನೋದನ್ನು ಶನಿವಾರ ರಾತ್ರಿ ಗಾಳಿ ನೋಡಿ ತೀರ್ಮಾನ ಮಾಡೋಣ. ಅರ್ಧದಲ್ಲೇ ನಿಲ್ಲುವವರಿಗೆ ಒಂದು ಜಾಗ ಈಗಲೇ ಗೊತ್ತು ಮಾಡಿ. ಎಲ್ಲರಿಗಿಂತ ಹಿಂದೆ ಯಾರು ಇರ್ತಾರೆ ಅಂತ ಹೆಸರು ಹಾಕಿ. ಯಾರೂ ಸಿಗದಿದ್ದರೆ ನನ್ನ ಹೆಸರೇ ಹಾಕಿ, ಪಂಪು, ಟ್ಯೂಬು ನಾನೇ ತರ್ತೀನಿ.