ಲಾರಿ ನಿಂತಿದೆ, ತೂಕ ಸೊನ್ನೆ

ಎರರ್ ಬಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ತೂಕ ಓದುವ ಫಂಕ್ಷನ್ ನೀಟಾಗಿ ಸಕ್ಸಸ್ ಅಂತ ಹೇಳಿ ವಾಪಸ್ ಬರುತ್ತದೆ. ಅದು ತುಂಬಿಸಿ ಕೊಡಬೇಕಾದ ಅರೇ (ದಾಖಲೆಗಳ ಸಾಲು) ತೆಗೆದು ನೋಡಿದರೆ ಬರೀ ಸೊನ್ನೆ.

ಹಳೇ ಡಿಎಲ್‌ಎಲ್ (ನಮ್ಮ ಪ್ರೋಗ್ರಾಂ ಬಳಸುವ ನಿಮ್ಮ ಕಂಪನಿಯ ಕೋಡ್ ಫೈಲು) ಚೆನ್ನಾಗಿಯೇ ಇತ್ತಲ್ಲ ಮಾರಾಯ್ರೇ, ಯಾಕೆ ಮುಟ್ಟಿದಿರಿ?

ದಾವಣಗೆರೆ ಎಪಿಎಂಸಿ ಹತ್ತಿರದ ವೇಬ್ರಿಡ್ಜ್. ಮೆಕ್ಕೆಜೋಳದ ಲಾರಿ ಮೇಲೆ ಹತ್ತಿ ನಿಂತಿದೆ, ಹಿಂದೆ ಟ್ರ್ಯಾಕ್ಟರ್‌ಗಳ ಸಾಲು. ಪಕ್ಕದ ಇಂಡಿಕೇಟರ್‌ನಲ್ಲಿ ಕೆಂಪು ಅಂಕಿಯಲ್ಲಿ ತೂಕ ಸರಿಯಾಗಿಯೇ ಉರಿಯುತ್ತಿದೆ. ನನ್ನ ಸ್ಕ್ರೀನ್‌ನಲ್ಲಿ ಮಾತ್ರ ಸೊನ್ನೆ. ಸಾಹುಕಾರ್ರು ಕನ್ನಡಕ ಏರಿಸಿ ಒಂದು ಸಲ ಅದನ್ನು ನೋಡಿದರು, ಒಂದು ಸಲ ಇದನ್ನು ನೋಡಿದರು. "ಏನ್ ತಮ್ಮಾ, ಲಾರೀಗೆ ತೂಕನೇ ಇಲ್ಲ ಅಂತಾ ಏನು ನಿನ್ ಕಂಪ್ಯೂಟ್ರು?" ಡ್ರೈವರ್ ಕೆಳಗಿನಿಂದಲೇ ಕೂಗಿದ: "ಹಂಗಾದ್ರೆ ಡೀಸೆಲ್ ಯಾಕ್ರೀ ಇಷ್ಟು ಕುಡೀತದೆ?" ಹಮಾಲರೆಲ್ಲ ನಕ್ಕರು. ಮಂಡಕ್ಕಿ ಮಿರ್ಚಿ ತಂದ ಹುಡುಗನೂ ನಕ್ಕ, ಅವನಿಗೇನು ಗೊತ್ತೋ! ನಾನು ಸುಮ್ನೆ ರಿಫ್ರೆಶ್ ಒತ್ತುತ್ತಾ ಕೂತೆ. ಕೊನೆಗೆ ಗುಮಾಸ್ತರು ಡ್ರಾಯರ್‌ನಿಂದ ಹಳೇ ರಸೀದಿ ಪುಸ್ತಕ ತೆಗೆದು ಪೆನ್ನಿನಲ್ಲಿ ಬರೆದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಗಿದ್ದು ಇಷ್ಟೇ. ಮೊದಲು ಆ ಅರೇಯ ಒಂದೊಂದು ಸ್ಟ್ರಕ್ಟ್‌ನಲ್ಲಿ, ಅಂದರೆ ಒಂದೊಂದು ದಾಖಲೆಯಲ್ಲಿ, ಎರಡು ಇಂಟ್ (ಪೂರ್ಣಾಂಕ) ಮಾತ್ರ ಇದ್ದವು. ಅಂಥ ಅರೇಯನ್ನು ಡಾಟ್‌ನೆಟ್ (ನನ್ನ ಸಿ ಶಾರ್ಪ್ ಪ್ರೋಗ್ರಾಂ ಓಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಕಾಪಿ ಮಾಡುವುದಿಲ್ಲ, ಇದ್ದ ಜಾಗದಲ್ಲೇ ಅಲುಗದಂತೆ ಪಿನ್ ಮಾಡಿ ವಿಳಾಸ ಕೊಡುತ್ತದೆ, ಹಾಗಾಗಿ ನೇಟಿವ್ ಕೋಡ್ (ಡಾಟ್‌ನೆಟ್ ಹೊರಗಿನ ಆ ಡಿಎಲ್‌ಎಲ್) ಬರೆದಿದ್ದು ನಮಗೂ ಕಾಣುತ್ತದೆ. ಹೊಸ ವರ್ಷನ್‌ನಲ್ಲಿ ತೂಕ ನಿಂತಿದೆಯೋ ಇಲ್ಲವೋ ತಿಳಿಸಲು ಕಂಪನಿಯವರು ಒಂದು ಬೂಲ್ (ಟ್ರೂ ಅಥವಾ ಫಾಲ್ಸ್, ಅಂದರೆ ಹೌದು ಅಥವಾ ಇಲ್ಲ) ಸೇರಿಸಿದ್ದಾರೆ. ಅಷ್ಟಕ್ಕೇ ಇಡೀ ಅರೇ ಕಾಪಿ ಆಗಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಪಾಸ್‌ಬುಕ್‌ನ ಜೆರಾಕ್ಸ್ ಮೇಲೆ ಎಂಟ್ರಿ ಹಾಕಿ ಜೆರಾಕ್ಸನ್ನೇ ಹರಿದು ಬಿಸಾಕಿದ ಹಾಗೆ. ವಾಪಸ್ ಬೇಕು ಅಂದರೆ ಇನ್, ಔಟ್ ಎರಡೂ ಆಟ್ರಿಬ್ಯೂಟ್ (ಡಾಟ್‌ನೆಟ್‌ಗೆ ಕೋಡ್‌ನಲ್ಲಿ ಕೊಡುವ ಸೂಚನೆ) ಬರೆಯಬೇಕು. ಅವರದೇ ಸಿ ಶಾರ್ಪ್ ಸ್ಯಾಂಪಲ್‌ನಲ್ಲಿ ಅದು ಇಲ್ಲ! ನಾನು ಅದನ್ನೇ ಅಕ್ಷರ ಬಿಡದೆ ಇಳಿಸಿದ್ದೆ.

ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆ ಸರಿ ಇದೆ ಸರ್, ಸಿ ಪ್ಲಸ್ ಪ್ಲಸ್‌ನಲ್ಲಿ ಟೆಸ್ಟ್ ಮಾಡಿದ್ದೀವಿ" ಅಂತಾರೆ. ಅಲ್ಲಿ ಸರಿ ಇರದೆ ಇನ್ನೇನು, ಅಲ್ಲಿ ಡಾಟ್‌ನೆಟ್‌ನಿಂದ ನೇಟಿವ್‌ಗೆ ಈ ದಾಟುವಿಕೆಯೇ ಇಲ್ಲವಲ್ಲ!

ಹೋಗಲಿ ಬಿಡಿ. ಡಾಟ್‌ನೆಟ್ ಬಂದಿದ್ದು 2002ರಲ್ಲಿ, ಅವತ್ತಿನಿಂದ ಹೀಗೇ ಇದೆ, ನಾನು ಕೂಗಿದರೆ ಬದಲಾಗುತ್ತಾ? ಇಲ್ಲ, ಬಿಡೋದು ಹೇಗೆ? ನೆಂಟರ ಮುಂದೆ ಅಮ್ಮ "ನಮ್ಮ ಹುಡುಗ ಸಾಫ್ಟ್‌ವೇರ್" ಅಂತ ಹೇಳಿಕೊಳ್ಳುತ್ತಾರೆ. ಆ ಸಾಫ್ಟ್‌ವೇರ್ ಹುಡುಗ ಇವತ್ತು ತುಂಬಿದ ಲಾರಿಯನ್ನು ಗಾಳಿಪಟ ಮಾಡಿ ಬಂದಿದ್ದಾನೆ.

ಎರಡೂ ಆಟ್ರಿಬ್ಯೂಟ್ ಹಾಕಿದೆ, ತೂಕ ಬಂತು. ಈಗ ಲಾರಿ ಇನ್ನೂ ಅಲುಗಾಡುತ್ತಿದ್ದರೂ 'ತೂಕ ನಿಂತಿದೆ' ಅಂತ ತೋರಿಸುತ್ತಿದೆ. ನಾವು ಏನೂ ಹೇಳದಿದ್ದರೆ ಡಾಟ್‌ನೆಟ್ ಬೂಲ್ ಅನ್ನು 4 ಬೈಟ್ ಅಂತ ಓದುತ್ತದೆ. ಅವರು ಬರೆಯುವುದು 1 ಬೈಟ್ ಆಗಿದ್ದರೆ ಉಳಿದ 3ರಲ್ಲಿ ಯಾವ ಕಸ ಇದ್ದರೂ ಅದು ಟ್ರೂ! ಮ್ಯಾನುಯಲ್‌ನಲ್ಲಿ ಬರೀ 'ಬೂಲ್' ಅಂತಿದೆ. ಸಪೋರ್ಟ್‌ನವರೇ, ಒಂದಾ ನಾಲ್ಕಾ? ಅಷ್ಟು ಹೇಳಿ ಸಾಕು. ಬೆಳಗ್ಗೆ ಆರಕ್ಕೆ ಸಾಹುಕಾರ್ರು ವೇಬ್ರಿಡ್ಜ್ ಬಾಗಿಲು ತೆಗೀತಾರೆ.