ಚಿಕ್ಕಪ್ಪ ಪಟ್ಟಿಯಲ್ಲಿಲ್ಲ

ಮೃತರು ಪಾಲಿಸಿಯ ವ್ಯಾಖ್ಯೆಯ ಪ್ರಕಾರ ನನ್ನ ನಿಕಟ ಕುಟುಂಬದವರಲ್ಲವಾದ್ದರಿಂದ ಪ್ರವಾಸ ರದ್ದತಿಯ ಪರಿಹಾರವನ್ನು ನಿರಾಕರಿಸಲಾಗಿದೆ ಎಂದು ವಿಮಾ ಕಂಪನಿಯವರು ನಿನ್ನೆ ಇಮೇಲ್ ಕಳುಹಿಸಿದ್ದಾರೆ. ಮೃತರು ನನ್ನ ತಂದೆಯ ಒಡಹುಟ್ಟಿದ ತಮ್ಮ. ಅವರಿಗಾಗಿ ಬೋಳಿಸಿಕೊಂಡ ನನ್ನ ತಲೆಯಲ್ಲಿ ಕೂದಲು ಇನ್ನೂ ಬಾಚಣಿಗೆಗೆ ಸಿಗುವಷ್ಟು ಬೆಳೆದಿಲ್ಲ. ನಿಕಟವಲ್ಲದವರಿಗೆ ಯಾರೂ ತಲೆ ಕೊಡುವುದಿಲ್ಲ ಎಂಬ ಸಾಮಾನ್ಯ ಸಂಗತಿಯನ್ನು ಇಷ್ಟು ದೊಡ್ಡ ಕಂಪನಿಗೆ ತಿಳಿಸಿಕೊಡುವವರು ಯಾರು?

ನಾನು, ಹೆಂಡತಿ ಮತ್ತು ಅತ್ತೆ ಕಾಶಿಗೆ ಹೊರಟಿದ್ದೆವು. ಮೈಸೂರಿನಿಂದ ವಾರಾಣಸಿಗೆ ನೇರ ರೈಲೇ ಇದ್ದರೂ ಅತ್ತೆಯವರ ಮಂಡಿನೋವಿನ ಕಾರಣದಿಂದ ಬೆಂಗಳೂರಿನಿಂದ ವಿಮಾನವೆಂದು ನಿರ್ಧಾರವಾಯಿತು. ಹೊರಡುವ ವಾರದಲ್ಲೇ ಮದ್ದೂರಿನ ಹತ್ತಿರದ ನಮ್ಮ ಊರಿನಲ್ಲಿ ಚಿಕ್ಕಪ್ಪ ಹೃದಯಾಘಾತದಿಂದ ತೀರಿಕೊಂಡರು. ದಾಯಾದಿ ಸೂತಕವೆಂದರೆ ಹತ್ತು ದಿನ. ಮನೆಯ ದೇವರ ಮುಂದೆ ದೀಪ ಹಚ್ಚುವಂತಿಲ್ಲದವರು ವಿಶ್ವನಾಥನ ಗುಡಿಯೊಳಗೆ ಕಾಲಿಡುವುದಾದರೂ ಹೇಗೆ? ಟಿಕೆಟ್ ರದ್ದು ಮಾಡಿದೆ. ವಿಮಾನದವರು ತೆರಿಗೆಯನ್ನೂ ನಿಲ್ದಾಣದ ಶುಲ್ಕಗಳನ್ನೂ ಮರಳಿಸಿದರು, ಏಕೆಂದರೆ ಯಾವ ಟಿಕೆಟ್ಟಿನ ಮೇಲಾದರೂ ಅವನ್ನು ಮರಳಿಸಲೇಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಮಿಕ್ಕದ್ದು ಮುಳುಗಿತು. ಮುಳುಗಿದ್ದನ್ನು ತುಂಬಿಕೊಡುವುದಕ್ಕೆಂದೇ ವಿಮೆಯನ್ನು ಮಾಡಿಸಿದ್ದರಿಂದ ನಾನು ನಿಶ್ಚಿಂತನಾಗಿದ್ದೆ.

ಅರ್ಜಿಯಲ್ಲಿ ಕಾರಣವೆಂಬ ಕಡೆ, ಚಿಕ್ಕಪ್ಪನವರ ಮರಣದ ನಿಮಿತ್ತ ಹತ್ತು ದಿನಗಳ ಸೂತಕದಲ್ಲಿದ್ದೇನೆ ಎಂದು ಬರೆದೆ. ಎರಡು ದಿನ ಬಿಟ್ಟು, ಸದರಿ ಹತ್ತು ದಿನಗಳ ಅವಧಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯನ್ನೂ ಚಿಕಿತ್ಸೆ ನೀಡಿದ ವೈದ್ಯರ ಪ್ರಮಾಣಪತ್ರವನ್ನೂ ಲಗತ್ತಿಸಬೇಕೆಂದು ಉತ್ತರ ಬಂದಿತು. ನನಗೆ ಚಿಕಿತ್ಸೆ ನೀಡಿದವರು ನಮ್ಮ ಪುರೋಹಿತರು. ಹನ್ನೊಂದನೆಯ ದಿನ ಪುಣ್ಯಾಹ ಮಾಡಿ ಬಿಡುಗಡೆ ಮಾಡಿದವರೂ ಅವರೇ. ಆದರೆ ಅವರು ಸಮ್ಮರಿ ಬರೆದುಕೊಡುವುದಿಲ್ಲ.

ಇಷ್ಟಾದ ಮೇಲೆ, ನಾನು ಭಾವ ಎಂದು ಕರೆಯುವ ನನ್ನ ಷಡ್ಡಕರು ರಂಗಕ್ಕೆ ಇಳಿದರು. ಬ್ಯಾಂಕಿನಿಂದ ನಿವೃತ್ತರಾದ ಇವರಿಗೆ ಯಾವ ಕಾಗದವನ್ನಾದರೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದುವ ಅಭ್ಯಾಸವಿದ್ದು, ಒಂದೊಂದು ಕಲಮು ಮುಗಿದಾಗಲೂ ಕನ್ನಡಕ ತೆಗೆದು, "ಈಗ ಹೇಳಿ, ಇದರ ಅರ್ಥ ಏನು?" ಎಂದು ಮೇಷ್ಟರಂತೆ ಕೇಳುತ್ತಾರೆ. ಉತ್ತರ ಹೇಳುವವರೆಗೆ ಕನ್ನಡಕ ಮೂಗಿಗೆ ಏರುವುದಿಲ್ಲ. ಕುವೆಂಪುನಗರದ ಜೆರಾಕ್ಸ್ ಅಂಗಡಿಯಲ್ಲಿ ಇಡೀ ಪಾಲಿಸಿಯನ್ನು ಮುದ್ರಿಸಿಕೊಂಡು, ಕೆಂಪು ಪೆನ್ನಿನೊಡನೆ ಸಂಜೆ ನಮ್ಮ ಮನೆಗೆ ಬಂದು ಕುಳಿತರು.

ಮನಸ್ಸು ಬದಲಾಯಿಸಿ ಪ್ರಯಾಣ ಬಿಟ್ಟರೆ ಹಣವಿಲ್ಲ. ಕಚೇರಿಯಲ್ಲಿ ರಜೆ ಸಿಗದಿದ್ದರೆ ಇಲ್ಲ. ಜ್ವರ ಬಂದು ಮನೆಯಲ್ಲೇ ಮಲಗಿದ್ದರೆ ಇಲ್ಲ, ಆಸ್ಪತ್ರೆಗೆ ದಾಖಲಾಗಿರಬೇಕು. ಪಾಲಿಸಿ ಕೊಳ್ಳುವಾಗಲೇ ಊರಿಗೆಲ್ಲ ಗೊತ್ತಿದ್ದ ಸಂಗತಿಯಿಂದ ಪ್ರಯಾಣ ನಿಂತರೂ ಇಲ್ಲ. ಈ ಕೊನೆಯದನ್ನು ಕೇಳಿ ನನಗೆ ಕಳವಳವಾಯಿತು, ಏಕೆಂದರೆ ಮೈಸೂರಿನವರು ಬೆಂಗಳೂರಿನಲ್ಲಿ ವಿಮಾನ ಹತ್ತಬೇಕಾದರೆ ಮೊದಲು ಮಂಡ್ಯ ಜಿಲ್ಲೆಯನ್ನು ದಾಟಬೇಕು, ಮತ್ತು 2023ರ ಸೆಪ್ಟೆಂಬರ್‌ನಂತೆ ಕಾವೇರಿಯ ಬಂದ್ ಘೋಷಣೆಯಾದ ಮೇಲೆ ಪಾಲಿಸಿ ಕೊಂಡವನು ಗೊತ್ತಿದ್ದೂ ಕೊಂಡವನಾಗುತ್ತಾನೆ. ರೈಲಿನ 45 ಪೈಸೆಯ ವಿಮೆಯೇ ವಾಸಿಯಲ್ಲವೇ ಎಂದೆ. ಅದು ಅಪಘಾತಕ್ಕೆ ಮಾತ್ರ. ಸತ್ತರೆ ಹತ್ತು ಲಕ್ಷ, ಟಿಕೆಟ್ ರದ್ದಾದರೆ ಸೊನ್ನೆ ಎಂದು ಭಾವ ಕನ್ನಡಕ ತೆಗೆಯದೆಯೇ ಹೇಳಿದರು.

ಆಮೇಲೆ ನಿಕಟ ಕುಟುಂಬದ ಪಟ್ಟಿ ಬಂದಿತು: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಅತ್ತೆಮಾವ. ಕೆಲವು ಪಾಲಿಸಿಗಳಲ್ಲಿ ಒಡಹುಟ್ಟಿದವರೂ ಇರುತ್ತಾರಂತೆ. "ಇಲ್ಲಿ ನೋಡಿ, ಹೆಂಡತಿಯ ತಾಯಿ ಇದ್ದಾರೆ, ತಂದೆಯ ತಮ್ಮ ಇಲ್ಲ. ಈಗ ಹೇಳಿ, ಇದರ ಅರ್ಥ ಏನು?"

ಅಡುಗೆಮನೆಯ ಹೊಸಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯವರ ಕೈ ನಿಂತಿತು. "ಅಂದ್ರೆ ಅವರ ಬದಲು ನಾನು ಹೋಗಿದ್ದಿದ್ರೆ ದುಡ್ಡು ಬರ್ತಿತ್ತು ಅನ್ನಿ."

ಬೇರೆ ಯಾರಾಗಿದ್ದರೂ "ಬಿಡ್ತು ಅನ್ನಿ" ಎಂದು ಮಾತು ಮರೆಸುತ್ತಿದ್ದರು. ಭಾವ ಪುಟ ತಿರುವಿದರು. "ಬರ್ತಿರಲಿಲ್ಲ ಅತ್ತೆ. ನಿಮಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಹಳೇದು. ಮೊದಲೇ ಇದ್ದ ಕಾಯಿಲೆಯಿಂದ ಏನೇ ಆದರೂ ಕೊಡಲ್ಲ ಅಂತ ಬರೆದಿದ್ದಾರೆ."

ತಾವು ಸತ್ತರೆ ಹಣ ಬರುತ್ತದೆ ಎಂಬ ಮಾತಿಗೆ ನೊಂದುಕೊಳ್ಳದಿದ್ದ ಅತ್ತೆಯವರು ಬರುವುದಿಲ್ಲ ಎಂಬ ಮಾತಿಗೆ ಕೆರಳಿದರು. "ನನ್ನ ಶುಗರ್ ಕಂಟ್ರೋಲಲ್ಲಿದೆ" ಎಂದು ಎದ್ದು, ಮಂಡಿನೋವನ್ನೂ ಲೆಕ್ಕಿಸದೆ ಒಳಗೆ ಹೋಗಿ ಲ್ಯಾಬಿನ ರಿಪೋರ್ಟನ್ನು ತಂದು ಭಾವನ ಮುಂದಿಟ್ಟರು. ಭಾವ ಅದನ್ನೂ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, "ಆದರೂ ಮಾತ್ರೆ ತಗೋತಿದ್ದೀರಲ್ಲ" ಎಂದರು.

"ಬಸ್ಸು ಗುದ್ದಿದ್ರೆ?"

ಭಾವ ಕೆಂಪು ಪೆನ್ನನ್ನು ಹಿಡಿದು ಪುಟಗಳಲ್ಲಿ ಹುಡುಕಿದರು. ನನ್ನ ಹೆಂಡತಿ ಒಲೆಯ ಮೇಲಿನ ಹಾಲನ್ನು ಮರೆತು ಬಾಗಿಲಿಗೆ ಬಂದು ನಿಂತಿದ್ದಳು. "ಅಪಘಾತ... ಇದೆ ಅತ್ತೆ. ಬಸ್ಸಾದರೆ ಕೊಡ್ತಾರೆ." ಅತ್ತೆಯವರು ಸಮಾಧಾನಗೊಂಡು ಅವರೆಕಾಯಿಗೆ ಮರಳಿದರು. ಹಾಲು ಉಕ್ಕಿತ್ತು.

ಭಾವ ಹೇಳುವುದರಲ್ಲಿ ತಪ್ಪಿಲ್ಲ. ಪಟ್ಟಿಯಲ್ಲಿರುವ ಕಾರಣಕ್ಕೆ ಮಾತ್ರ ಈ ವಿಮೆ ಹಣ ಕೊಡುತ್ತದೆ; ಪಟ್ಟಿಯ ಹೊರಗಿನ ಕಾರಣ ಎಷ್ಟೇ ದೊಡ್ಡದಾದರೂ ಅದಕ್ಕೆ ಲೆಕ್ಕವಿಲ್ಲ. ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಶುಲ್ಕವೂ ಇಲ್ಲ. ಆದರೆ ಅವರು ಓದುವುದೂ ಇದೇ ಪಾಲಿಸಿಯನ್ನೇ ಎಂದು ಭಾವನೇ ನಿರುತ್ಸಾಹಗೊಳಿಸಿದರು. ನನ್ನ ಸಿಟ್ಟು ಹಣಕ್ಕಿಂತ ಹೆಚ್ಚಾಗಿ ಆ ಪಟ್ಟಿಯ ಮೇಲೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿ ಬಂದ ಹಣದಲ್ಲಿ ಚಿಕ್ಕಪ್ಪ ಮೈಸೂರಿನ ನನ್ನ ಹಾಸ್ಟೆಲ್ಲಿಗೆ ಕಟ್ಟುತ್ತಿದ್ದರು. ಕಟ್ಟಿದ ರಸೀದಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, ನನಗೊಂದು ಮಸಾಲೆ ದೋಸೆ ಕೊಡಿಸಿ, ತಾವು ಬರೀ ಕಾಫಿ ಕುಡಿದು ಬಸ್ಸು ಹತ್ತುತ್ತಿದ್ದರು. ಕಾಶಿಗೆ ಹೋಗುವ ಸುದ್ದಿ ಕೇಳಿ, ಒಂದು ಗಿಂಡಿ ಗಂಗೆ ತಂದುಕೊಡು ಎಂದಿದ್ದರು.

ಶಿವರಾತ್ರಿ ಕಳೆದ ಮೇಲಕ್ಕೆ ಮತ್ತೆ ಟಿಕೆಟ್ ಮಾಡಿಸಲು ಕುಳಿತೆವು. ಈ ಸಲ ವಿಮೆಯನ್ನು ಬಿಟ್ಟು, ಟಿಕೆಟ್ ಮಾರುವವರೇ ಕೊಡುವ ರದ್ದತಿ ಸೌಲಭ್ಯವನ್ನು ಆರಿಸಿದೆ. ಅದಕ್ಕೆ ಬೆಲೆ ಹೆಚ್ಚು, ಆದರೆ ಯಾರು ಸತ್ತರು, ನಿಮಗೇನಾಗಬೇಕು ಎಂದು ಕೇಳುವುದಿಲ್ಲ. ಭಾವ ಅದರ ಷರತ್ತನ್ನೂ ಓದಿ ಕನ್ನಡಕ ತೆಗೆದರು: ಏನಿದ್ದರೂ ವಿಮಾನ ಹೊರಡುವ 24 ಗಂಟೆ ಮೊದಲೇ ರದ್ದು ಮಾಡಬೇಕು.

"ಹಾಗಾದ್ರೆ ನಿಮ್ಮ ದಾಯಾದಿಗಳಿಗೆಲ್ಲ ಈಗಲೇ ಒಂದು ಫೋನ್ ಮಾಡಿ ಹೇಳಿಬಿಡಿ" ಎಂದರು ಅತ್ತೆ.