ಕಾಡೊಳಗೆ ಎಷ್ಟು ದೊಡ್ಡ ಕರೆಂಟ್ ಬೇಕು?

ನಾನಿರೋ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಯೊಸೆಮಿಟಿ ನ್ಯಾಷನಲ್ ಪಾರ್ಕ್ ಒಳಗೆ ಹೆಚ್ ಹೆಚ್ಚಿ ಅಂತ ಒಂದು ಕಣಿವೆ ಇದೆ, ಈಗ ಅದು ಕಣಿವೆ ಅಲ್ಲ, ಡ್ಯಾಮಿನ ಹಿನ್ನೀರು. 1913ರಲ್ಲಿ ಇಲ್ಲಿನ ಸರ್ಕಾರ ಕಾನೂನೇ ಮಾಡಿ ಸ್ಯಾನ್ ಫ್ರಾನ್ಸಿಸ್ಕೋ ಸಿಟಿಗೆ ಡ್ಯಾಮ್ ಕಟ್ಟೋಕೆ ಪರ್ಮಿಷನ್ ಕೊಡ್ತು, ಜಾನ್ ಮ್ಯೂರ್ ಅಂಥ ಪರಿಸರವಾದಿಗಳು ಎಷ್ಟು ಹೋರಾಡಿದ್ರೂ ತಡೆಯೋಕಾಗ್ಲಿಲ್ಲ, 1923ಕ್ಕೆ ಡ್ಯಾಮ್ ಎದ್ದು ನಿಂತಿತ್ತು. ನೀರು ಇಳಿಜಾರಲ್ಲೇ ಸಿಟಿ ಕಡೆ ಹರಿಯುತ್ತೆ, ದಾರೀಲಿ ಕರೆಂಟೂ ತೆಗೀತಾರೆ. ಹೊಗೆ ಇಲ್ಲ, ಕಲ್ಲಿದ್ದಲು ಇಲ್ಲ. ಆದ್ರೂ ಆ ಕಣಿವೆ ವಾಪಸ್ ಕೊಡಿ ಅಂತ ಕೇಳೋರು ಇವತ್ತಿಗೂ ಇದಾರೆ.

ಕ್ಯಾಲಿಫೋರ್ನಿಯಾದಲ್ಲಿ ಕೂತ್ಕೊಂಡು ಊರಿನ ಸುದ್ದಿ ಓದೋ ಶಿರಸಿಯವನಿಗೆ ಇದು ಹಳೇ ಕಥೆ ಅನ್ಸಲ್ಲ. ಶರಾವತಿ ಕಣಿವೇಲಿ ಹೊನ್ನಾವರದ ಗೇರುಸೊಪ್ಪೆ ಜಲಾಶಯ, ಮೇಲೆ ತಲಕಳಲೆ, ಇವೆರಡರ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಮಾಡ್ತೀವಿ ಅಂತ ಹೊರಟಿದಾರಲ್ಲ, ಅದಕ್ಕೂ ಗ್ರೀನ್ ಎನರ್ಜಿ ಅಂತಾನೇ ಹೆಸರು. ಕರೆಂಟ್ ಹೆಚ್ಚಾದಾಗ ನೀರು ಮೇಲಕ್ಕೆ ಎತ್ತೋದು, ಬೇಕಾದಾಗ ಕೆಳಕ್ಕೆ ಬಿಡೋದು. ನಾಲ್ಕು ಯೂನಿಟ್ ಕರೆಂಟ್ ಹಾಕಿದ್ರೆ ಹೆಚ್ಚುಕಮ್ಮಿ ಮೂರು ವಾಪಸ್ ಬರುತ್ತೆ. ನೀರು ಹೋಗೋ ಸುರಂಗ ನೆಲದಡಿ ತಾನೇ ಅಂತಾರೆ, ಆದ್ರೆ ಸುರಂಗಕ್ಕೆ ರಸ್ತೆ ಬೇಕು, ಅಗೆದ ಮಣ್ಣು ಸುರಿಯೋಕೆ ಜಾಗ ಬೇಕು, ಲೈನ್ ಎಳೀಬೇಕು, ಇದೆಲ್ಲ ಸಿಂಗಳೀಕದ ಅಭಯಾರಣ್ಯದಲ್ಲಿ. ಸಿಂಗಳೀಕ ಮರದಿಂದ ಮರಕ್ಕೆ ಹೋಗೋ ಪ್ರಾಣಿ, ನೆಲಕ್ಕೆ ಇಳಿಯೋದೇ ಅಪರೂಪ, ನಡುವೆ ಒಂದು ಅಗಲವಾದ ರಸ್ತೆ ಬಂದ್ರೆ ಅದರ ಕಾಡು ಎರಡು ತುಂಡಾಯ್ತು ಅಂತಾನೇ ಅರ್ಥ.

ನಮ್ಮ ಕಡೆ ಕಾಡೊಳಗೆ ಕರೆಂಟ್, ನೀರು ಹೇಗೆ ಮಾಡ್ಕೋಬೇಕು ಅಂತ ಯಾರೂ ಕಲಿಸ್ಬೇಕಾಗಿಲ್ಲ. ಅಬ್ಬಿ ನೀರು, ಅಂದ್ರೆ ಗುಡ್ಡದ ಒರತೆ ನೀರು, ಮೊದ್ಲು ಅಡಕೆ ದಬ್ಬೇಲಿ (ಸೀಳಿದ ಅಡಕೆ ಮರದಲ್ಲಿ), ಈಗ ಪೈಪಲ್ಲಿ, ಗುಡ್ಡದಿಂದ ಸೀದಾ ಬಚ್ಚಲಿಗೆ ಬರುತ್ತೆ, ಪಂಪೂ ಇಲ್ಲ ಬಿಲ್ಲೂ ಇಲ್ಲ. ಶಿರಸಿ ಸೀಮೆ ಗೋಬರ್ ಗ್ಯಾಸಿಗೆ ಹೆಸರಾದದ್ದು, ಗ್ಯಾಸ್ ಒಲೆಗೆ, ಸ್ಲರಿ ತೋಟಕ್ಕೆ, ಬೆಟ್ಟದ ಕಟ್ಟಿಗೆ ಅಷ್ಟು ಉಳೀತು. ನಮ್ಮ ಮಾವನ ಮನೇಲಿ ತೋಟದ ಮೇಲಿನ ಹಳ್ಳದಿಂದ ಪೈಪ್ ಇಳಿಸಿ ಸಣ್ಣ ಟರ್ಬೈನ್ ಕೂರಿಸಿದಾರೆ, ಪಿಕೋ ಹೈಡ್ರೋ, ತಿರುಗಿಸಿದ ನೀರು ಅದೇ ಹಳ್ಳಕ್ಕೆ ವಾಪಸ್. ಜೂನಲ್ಲಿ ಮರ ಬಿದ್ದು ಲೈನ್ ಹೋದ್ರೆ ದಿನಗಟ್ಲೆ ಬರಲ್ಲ, ಮೋಡಕ್ಕೆ ಸೋಲಾರ್ ಪ್ಯಾನಲ್ಲೂ ಸೋಮಾರಿ, ಅದೇ ಹೊತ್ತಲ್ಲಿ ಹಳ್ಳ ತುಂಬಿ ಹರಿಯುತ್ತೆ. ಬೇಸಿಗೇಲಿ ಹಳ್ಳ ಸೊರಗಿದಾಗ ಬಿಸಿಲು. "ಮಳೆಗಾಲ್ದಲ್ಲಿ ಕರೆಂಟ್ ಹೋದ್ರೂ ಗೊತ್ತೇ ಆಗ್ತಿಲ್ಲೆ" ಅಂತ ಮಾವ ಫೋನಲ್ಲಿ ಹೇಳಿದ್ರು, ನಂಗೆ ಖುಷಿ ಆಯ್ತು.

ಹಾಗಂತ ಇಲ್ಲಿಂದ ಕಲಿಯೋದು ಏನೂ ಇಲ್ಲ ಅಂತಲ್ಲ. ಗ್ರ್ಯಾಂಡ್ ಕ್ಯಾನಿಯನ್ ಹಳ್ಳೀಲಿ ಕೊಳಚೆ ನೀರು ಶುದ್ಧ ಮಾಡಿ ಟಾಯ್ಲೆಟ್ಟಿಗೆ ಮತ್ತೆ ಬಳಸೋದು 1926ರಿಂದಲೇ ಶುರು, ಒಮ್ಮೆ ಬಳಸಿದ ನೀರಿಗೆ ಅಲ್ಲಿ ಇನ್ನೊಂದು ಕೆಲಸ ಇದ್ದೇ ಇರುತ್ತೆ. ಝಯಾನ್ ನ್ಯಾಷನಲ್ ಪಾರ್ಕಿನ ಕಣಿವೇಲಿ ಸೀಸನ್ನಲ್ಲಿ ಸ್ವಂತ ಕಾರ್ ಒಳಗೆ ಬಿಡಲ್ಲ, ಶಟಲ್ ಬಸ್ಸೇ ಗತಿ. ಬಂದ ಟೂರಿಸ್ಟ್ ಅಲ್ಲಿನ ನೀರಿಗೆ, ಗಾಳಿಗೆ ಹೊಂದ್ಕೋಬೇಕು. ದಾಂಡೇಲಿ, ಜೋಯ್ಡಾ ಕಡೆ ವೀಕೆಂಡ್ ರಶ್ ನೋಡಿದವರಿಗೆ ಇದು ಎಷ್ಟು ಬೇಕು ಅಂತ ಗೊತ್ತು. ಕಾಳಿ ನದಿ ದಂಡೆಯ ಪ್ರತಿ ರೆಸಾರ್ಟೂ ತನ್ನ ಕೊಳಚೆ ತಾನೇ ಶುದ್ಧ ಮಾಡ್ಲಿ, ಬಿಸಿನೀರು ಸೋಲಾರಲ್ಲಿ ಕಾಯಿಸ್ಲಿ, ಲೈಸೆನ್ಸಿಗೆ ಅದೇ ಷರತ್ತು ಇರ್ಲಿ.

ಇನ್ನೊಂದು, ರಿಪೇರಿ. ಇಲ್ಲಿನ ಪಾರ್ಕಲ್ಲಿ ಒಂದು ನಲ್ಲಿ ಕೆಟ್ಟರೂ ಸರಿ ಮಾಡೋಕೆ ಸಂಬಳದ ಜನ ಇದಾರೆ. ನಮ್ಮಲ್ಲಿ ಸಬ್ಸಿಡೀಲಿ ಸೋಲಾರ್ ದೀಪ ಕೊಡ್ತಾರೆ, ಬ್ಯಾಟರಿ ಸತ್ತ ಮೇಲೆ ಕಂಬ ಒಂದೇ ಉಳಿಯುತ್ತೆ. ಕಾಡಂಚಿನ ಕುಣಬಿ, ಗೌಳಿ, ಸಿದ್ದಿ ಕೇರಿಗಳಲ್ಲಿ ಒಬ್ಬೊಬ್ಬ ಹುಡುಗ ಹುಡುಗಿಗೆ ಇನ್ವರ್ಟರ್, ಟರ್ಬೈನ್ ರಿಪೇರಿ ಕಲಿಸಿ ಪಂಚಾಯ್ತಿಯಿಂದ ಸಂಬಳ ಕೊಟ್ಟರೆ ಹೊಸ ಸ್ಕೀಮ್ ಬೇಕಾಗಲ್ಲ. ಇಲ್ಲಿನ ಒಂದು ವಿಷಯ ಮಾತ್ರ ನಮಗೆ ಬೇಡವೇ ಬೇಡ, ಯೊಸೆಮಿಟೀಲಿ ಮೊದ್ಲಿಂದ ಇದ್ದ ಮೂಲನಿವಾಸಿಗಳನ್ನ ಹೊರಗೆ ಹಾಕಿ ಆಮೇಲೆ ಕಾಡು ನೋಡೋಕೆ ಟಿಕೆಟ್ ಇಟ್ಟರು.

ಕರೆಂಟ್ ಕೂಡಿಡಬೇಕು ಅನ್ನೋದು ನಿಜವಾದ ಅಗತ್ಯ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ 2050 ಮೆಗಾವಾಟಿನ ಪಾವಗಡ ಸೋಲಾರ್ ಪಾರ್ಕ್ ಬಯಲುಸೀಮೇಲಿದೆ, ದೊಡ್ಡ ಬ್ಯಾಟರಿಗಳು ಕ್ಯಾಲಿಫೋರ್ನಿಯಾದಲ್ಲಿ ಈಗಾಗ್ಲೇ ಸಂಜೆ ಹೊತ್ತಿನ ಲೋಡ್ ಹೊರ್ತಾ ಇವೆ. ಅಂಥದ್ದನ್ನ ಪಾವಗಡದ ಪಕ್ಕದಲ್ಲೇ ಕೂರಿಸೋ ಲೆಕ್ಕ ಮೊದಲು ಜನರ ಮುಂದೆ ಇಡ್ಲಿ, ಅಲ್ಲೀವರೆಗೂ ಶರಾವತಿ ಕಣಿವೇಲಿ ಕಡಿಯೋಕೆ ಅಂತ ಒಂದು ಮರಕ್ಕೂ ನಂಬರ್ ಹಾಕೋದು ಬೇಡ.